ಸೀಟಿಗಾಗಿ ಯಾರನ್ನ ಭೆಟ್ಟಿ ಆಗೂದು?

ಮೆಡಿಕಲ್ ಸೀಟಿಗೆ ಕಾಯುವ ಹುಡುಗ ಮನೆಯಲ್ಲಿದ್ದರೆ, ಬಂದವರೆಲ್ಲ ಕೇಳುವ ಪ್ರಶ್ನೆ ಎರಡೇ. ಮೊದಲನೆಯದು, "ರ‍್ಯಾಂಕ್ ಎಷ್ಟು ಬಂತು?" ಎರಡನೆಯದನ್ನು ಚಹಾದ ಬಟ್ಟಲು ಕೆಳಗಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ: "ಯಾರನ್ನರೆ ಭೆಟ್ಟಿ ಆಗೀರೇನು?" 2024ರಲ್ಲಿ ಮೂರ್ನಾಲ್ಕು ತಿಂಗಳು ನಮ್ಮ ಮನೆ ಈ ಎರಡನೇ ಪ್ರಶ್ನೆಯ ಮೇಲೆಯೇ ನಿಂತಿತ್ತು.

ನಮ್ಮದು ವಿಜಯಪುರದಿಂದ ಅಥಣಿ ರಸ್ತೆಗೆ ಹೋಗುವಾಗ ಸಿಗುವ ತಿಕೋಟಾ ದಾಟಿ ಒಳಗಿರುವ ಹಳ್ಳಿ. ಅಪ್ಪನದು ದ್ರಾಕ್ಷಿ ತೋಟ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ತಮ್ಮ ಹತ್ತನೇತ್ತೆವರೆಗೆ ಊರಲ್ಲೇ ಓದಿ, ವಿಜಯಪುರದಲ್ಲಿ ಪಿಯುಸಿ ಮುಗಿಸಿ, ಮತ್ತೊಂದು ವರ್ಷ ರೂಮು ಮಾಡಿಕೊಂಡು ನೀಟ್‌ಗೆ ಓದಿದ. ಎರಡನೇ ಪ್ರಯತ್ನ ಅದು. ಮೂರನೆಯದಕ್ಕೆ ಮನೆಯಲ್ಲಿ ದುಡ್ಡೂ ಇರಲಿಲ್ಲ, ಅವನಲ್ಲಿ ಬಲವೂ ಇರಲಿಲ್ಲ.

ಆ ವರ್ಷದ ನೀಟ್ ಕಥೆ ನಿಮಗೆ ನೆನಪಿರಬಹುದು. ಮೇ 5ಕ್ಕೆ ಪರೀಕ್ಷೆ. ಜೂನ್ 14ಕ್ಕೆ ಬರಬೇಕಿದ್ದ ಫಲಿತಾಂಶ ಜೂನ್ 4ಕ್ಕೇ ಬಂತು, ಅದೂ ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ. ಅಪ್ಪ ಟಿವಿಯಲ್ಲಿ ಮತ ಎಣಿಸುತ್ತ ಕೂತಿದ್ದರೆ ತಮ್ಮ ಮಾಳಿಗೆ ಮೇಲೆ ಮೊಬೈಲ್ ಹಿಡಿದು ನಿಂತಿದ್ದ. ಅಂಕ ಚೆನ್ನಾಗಿತ್ತು, ರ‍್ಯಾಂಕ್ ನೋಡಿ ಮುಖ ಬಿತ್ತು. ಹಿಂದಿನ ವರ್ಷ ಅಷ್ಟೇ ಅಂಕ ತೆಗೆದವರು ನಿಶ್ಚಿಂತೆಯಿಂದ ಸರ್ಕಾರಿ ಕಾಲೇಜು ಸೇರಿದ್ದರು. ಈ ಸಲ 67 ಮಂದಿಗೆ 720ಕ್ಕೆ 720. ಆಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ, 1,563 ಮಂದಿಯ ಕೃಪಾಂಕ ರದ್ದು, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ. ಇಡೀ ಪರೀಕ್ಷೆಯನ್ನೇ ಮತ್ತೆ ನಡೆಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ, ಪರಿಷ್ಕೃತ ಫಲಿತಾಂಶ ಬಂದದ್ದು 26ಕ್ಕೆ. ಅಲ್ಲಿಯವರೆಗೆ ಕೈಯಲ್ಲಿರುವ ರ‍್ಯಾಂಕ್ ನಮ್ಮದೋ ಅಲ್ಲವೋ ಅನ್ನುವುದೇ ಖಾತ್ರಿ ಇರಲಿಲ್ಲ.

ಹೀಗೆ ಕೈಕಟ್ಟಿ ಕೂತ ಹೊತ್ತಿನಲ್ಲೇ ಅವ್ವ ಶುರು ಮಾಡಿದ್ದು: "ಯಾರರೆ ಇದ್ರ ಹೋಗಿ ಒಂದ್ ಮಾತ ಹೇಳಿ ಬರೂಣು. ಸುಮ್ನ ಕುಂತ್ರ ಯಾರ ಕೊಡತಾರ?"

ಅವ್ವನನ್ನು ನಗಬೇಡಿ. ನಮ್ಮ ಕಡೆ ಬದುಕು ನಡೆಯುವುದೇ ಹಾಗೆ. ದ್ರಾಕ್ಷಿ ಕೊಯ್ದು, ಎಣ್ಣೆ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ಮನೂಕ ಆಗುವ ತನಕ ಮೋಡ ನೋಡುತ್ತ ಎದೆ ಹಿಡಿದುಕೊಂಡಿರಬೇಕು. ಒಣಗಿದ ಮೇಲೂ ಮುಗಿಯಲಿಲ್ಲ. ತಾಸಗಾಂವ್ ಪೇಟೆಗೆ ಹಾಕಬೇಕೋ, ವಿಜಯಪುರದಲ್ಲೇ ಕೊಡಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ದೀಪಾವಳಿ ತನಕ ಕಾಯಬೇಕೋ ಅಂತ ಅಪ್ಪ ದಿನಕ್ಕೆ ಮೂರು ಸಲ ದಲಾಲಿ ಅಂಗಡಿಗೆ ಫೋನ್ ಮಾಡುತ್ತಾರೆ. ಸವಾಲಿನ ದಿನ ತಾವೇ ಹೋಗಿ ಎದುರು ನಿಲ್ಲುತ್ತಾರೆ. ನಿಂತರೆ ಕಿಲೋಕ್ಕೆ ಐದು ರೂಪಾಯಿ ಹೆಚ್ಚು, ನಿಲ್ಲದಿದ್ದರೆ ಐದು ಕಡಿಮೆ. ಬ್ಯಾಂಕಿನ ಸಾಲ, ಟ್ರಾನ್ಸ್‌ಫಾರ್ಮರ್, ಕಾಲುವೆ ನೀರು, ಯಾವುದೂ ಮುಖ ತೋರಿಸದೆ ಬಂದದ್ದಿಲ್ಲ. ಹೀಗಿರುವಾಗ ಮಗನ ಡಾಕ್ಟರ್ ಸೀಟು ಮಾತ್ರ ಯಾರನ್ನೂ ಕಾಣದೆ ಬರುತ್ತದೆ ಅಂದರೆ ಅವ್ವ ಯಾಕೆ ನಂಬಬೇಕು?

ಅವ್ವನ ಮಾತಿಗೆ ಬಲ ಬಂದದ್ದು ಅಮೆರಿಕದಿಂದ. ನ್ಯೂಜೆರ್ಸಿಯಲ್ಲಿರುವ ಕಾಕಾನ ಮಗಳೂ ಅದೇ ಹೊತ್ತಿಗೆ ಮೆಡಿಕಲ್ ಸ್ಕೂಲಿಗೆ ಕಾಯುತ್ತಿದ್ದಳು. ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ, ಹತ್ತಾರು ಕಾಲೇಜಿಗೆ ಅರ್ಜಿ. ಇಷ್ಟವಾದವರನ್ನು ಕಾಲೇಜಿನವರು ಇಂಟರ್‌ವ್ಯೂಗೆ ಕರೆಯುತ್ತಾರೆ. ಅದಾದ ಮೇಲೆ ಅಡ್ಮಿಷನ್ ಕಮಿಟಿ ಕೂತು ನಿರ್ಧಾರ ಮಾಡುತ್ತದೆ. ಬೇಕು, ಬೇಡ, ಅಥವಾ ಕಾಯುವ ಪಟ್ಟಿ. ನಮ್ಮ ಹುಡುಗಿ ಕಾಯುವ ಪಟ್ಟಿಯಲ್ಲಿದ್ದಳು.

"ಅಕ್ಕಾ, ನಾನು ಅವರಿಗೆ ಲೆಟರ್ ಬರೆದೆ" ಅಂದಳು ವಿಡಿಯೋ ಕಾಲಿನಲ್ಲಿ. ಅವ್ವ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದವಳು ಕಿವಿ ನಿಮಿರಿಸಿದಳು. "ನೋಡು! ಅಲ್ಲೂ ಬರೀಬೇಕು, ಮಾತಾಡ್ಬೇಕು. ನಾ ಹೇಳಿದ್ದ ಅದ ಐತಿ."

ಆದರೆ ಅವಳು ಬಿಡಿಸಿ ಹೇಳಿದಾಗ ಗೊತ್ತಾದದ್ದು, ಅದು ನಮ್ಮ 'ಭೆಟ್ಟಿ' ಅಲ್ಲ. ಇಂಟರ್‌ವ್ಯೂ ಆದ ಮಾರನೇ ದಿನ ಮಾತಾಡಿಸಿದವರಿಗೆ ಎರಡು ಸಾಲಿನ ಥ್ಯಾಂಕ್ಸ್. ನಂತರ ಹೊಸದೇನಾದರೂ ಆಗಿದ್ದರೆ ಮಾತ್ರ, ಒಂದು ಸಂಶೋಧನಾ ಲೇಖನವೋ, ಆಸ್ಪತ್ರೆಯಲ್ಲಿ ಹೊಸ ಜವಾಬ್ದಾರಿಯೋ, ಅದನ್ನು ತಿಳಿಸುವ ಪತ್ರ. ಕೊನೆಯದು ಎಲ್ಲಕ್ಕಿಂತ ತೂಕದ್ದು: 'ನೀವು ಸೀಟು ಕೊಟ್ಟರೆ ನಾನು ಬೇರೆಲ್ಲ ಬಿಟ್ಟು ನಿಮ್ಮಲ್ಲಿಗೇ ಬರುತ್ತೇನೆ' ಎಂಬ ಪತ್ರ. ಇದನ್ನು ಒಂದೇ ಕಾಲೇಜಿಗೆ ಬರೆಯಬೇಕು. ಮೂರು ಕಡೆ ಬರೆದರೆ ಕಾನೂನು ಹಿಡಿಯುವುದಿಲ್ಲ, ಆದರೆ ಅದು ಸುಳ್ಳು. ಎಷ್ಟೋ ಕಾಲೇಜುಗಳು 'ಇಂಟರ್‌ವ್ಯೂ ಆದಮೇಲೆ ನಮಗೇನೂ ಕಳಿಸಬೇಡಿ' ಎಂದು ಮೊದಲೇ ಹೇಳಿರುತ್ತವೆ. ಅಂಥ ಕಡೆ ಪತ್ರ ಹಾಕಿದರೆ ಓದಲು ಬಾರದವರು ಅಂತ ಆಗುತ್ತದೆ. ಒಂದಕ್ಕಿಂತ ಹೆಚ್ಚು ಸೀಟು ಸಿಕ್ಕವರು ಏಪ್ರಿಲ್ 30ರ ಹೊತ್ತಿಗೆ ಒಂದನ್ನಿಟ್ಟುಕೊಂಡು ಉಳಿದವನ್ನು ಬಿಡಬೇಕು, ಆಗ ಕಾಯುವ ಪಟ್ಟಿ ಸರಿಯುತ್ತದೆ. ಅವಳು ಆ ಒಂದೇ ಪತ್ರವನ್ನು ಬರೆಯಲು ಹದಿನೈದು ದಿನ ಯೋಚಿಸಿದಳಂತೆ. ಬರೆಯುವುದಕ್ಕಲ್ಲ, ಯಾವ ಕಾಲೇಜಿಗೆ ಅನ್ನುವುದಕ್ಕೆ.

ನಮ್ಮಲ್ಲೂ ಒಂದು ಕಾಲಕ್ಕೆ ಇಂಟರ್‌ವ್ಯೂ ಇತ್ತು ಅನ್ನುವುದು ನನಗೆ ಆಮೇಲೆ ಓದಿ ತಿಳಿಯಿತು. 1963ರಲ್ಲಿ ಆಗಿನ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಆಯ್ಕೆಗೆ ಸಂದರ್ಶನದ ಅಂಕವನ್ನೂ ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು. ಸಾಮಾನ್ಯ ಜ್ಞಾನ, ಒಲವು, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಎಲ್ಲ ನೋಡಿ ಸಮಿತಿಯವರು ಅಂಕ ಹಾಕಬೇಕು. ಇದು ಮನಸ್ಸಿಗೆ ಬಂದಂತೆ ಮಾಡುವ ಆಯ್ಕೆ ಎಂದು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಚಿತ್ರಲೇಖಾ ಮತ್ತು ಮೈಸೂರು ರಾಜ್ಯದ ನಡುವಿನ ಆ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಸಂದರ್ಶನ ಸರಿ ಎಂದಿತು. ಈ ಪದ್ಧತಿಯ ದುರುಪಯೋಗ ಆಗಬಹುದು, ಆದರೆ ಅದೊಂದೇ ಕಾರಣಕ್ಕೆ ಪದ್ಧತಿಯೇ ತಪ್ಪಲ್ಲ ಎಂಬುದು ಅದರ ತಿರುಳು. ಆ ಕಾಲದಲ್ಲಿ ನಮ್ಮ ಹಳ್ಳಿಯ ಹುಡುಗನೊಬ್ಬ ಬೆಂಗಳೂರಿನ ಸಮಿತಿಯ ಮುಂದೆ ಹೋಗಿ ಕೂತಿದ್ದರೆ ಅವನ ವ್ಯಕ್ತಿತ್ವಕ್ಕೆ ಎಷ್ಟು ಅಂಕ ಬೀಳುತ್ತಿತ್ತೋ! "ಹೌದ್ರಿ", "ಇಲ್ರಿ" ಬಿಟ್ಟು ಮೂರನೇ ಮಾತು ಬರುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ನೀಟ್ ಬಗ್ಗೆ ನನಗೆ ನೂರು ಸಿಟ್ಟಿದ್ದರೂ ಮುಖ ನೋಡದ ಈ ಪದ್ಧತಿಯ ಬಗ್ಗೆ ಸ್ವಲ್ಪ ಪ್ರೀತಿಯೂ ಇದೆ.

ನಡುವೆ ಡೊನೇಷನ್ ಕಾಲ ಬಂತು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾನೂನು ಮಾಡಿತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕದ ಮೆಡಿಕಲ್ ಶುಲ್ಕದ ವಿರುದ್ಧ ಹೋರಾಡಿ 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. 1994ರಿಂದ ಸಿಇಟಿ, ಆಮೇಲೆ ನೀಟ್. ಕಾಲೇಜಿನವರೇ ಕರೆದು ಸೀಟು ಕೊಡುವ ಬಾಗಿಲು ಒಂದೊಂದಾಗಿ ಮುಚ್ಚಿತು. ಈಗ ಎಂಬಿಬಿಎಸ್ ಪ್ರವೇಶವೆಲ್ಲ ನೀಟ್ ಮೆರಿಟ್ ಮತ್ತು ಕೌನ್ಸೆಲಿಂಗ್ ಮೂಲಕವೇ. ಖಾಸಗಿ ಕಾಲೇಜಿನ ಖಾಸಗಿ ಕೋಟಾ, ಎನ್ಆರ್‌ಐ ಕೋಟಾ ಸೀಟು ಕೂಡ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ ಪಟ್ಟಿಯಲ್ಲೇ ಬರಬೇಕು.

ಬಾಗಿಲು ಮುಚ್ಚಿದರೂ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಎದ್ದು ಹೋಗಿಲ್ಲ. ತಮ್ಮನ ರ‍್ಯಾಂಕ್ ಬಂದ ವಾರದೊಳಗೆ ಅಪ್ಪನ ಫೋನಿಗೆ ದಿನಕ್ಕೆ ನಾಲ್ಕೈದು ಕರೆ. ಹುಡುಗನ ಹೆಸರು, ಅಂಕ, ಊರು, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಎಲ್ಲಿಂದ ಸಿಕ್ಕಿತು ಅಂತ ಕೇಳಿದರೆ ನಗು. ಅವನ್ನೆಲ್ಲ ಕಟ್ ಮಾಡಬಹುದಿತ್ತು. ಕಟ್ ಮಾಡಲಾಗದ ಕರೆ ಬಂದದ್ದು ಬಬಲೇಶ್ವರದಿಂದ.

ಬಬಲೇಶ್ವರ ಅವ್ವನ ತವರು. ಅಲ್ಲಿ ನಮ್ಮ ಮಾಮಾ ಇದ್ದಾರೆ. ಅವರಿಗೆ ಪರಿಚಯದವರೊಬ್ಬರು, ಆ ಪರಿಚಯದವರಿಗೆ ಬೆಂಗಳೂರಿನಲ್ಲಿ ಆಫೀಸು ಇಟ್ಟ ಇನ್ನೊಬ್ಬರು. "ಕೆಲಸ ಪಕ್ಕಾ, ಭಾನುವಾರ ಎಲ್ಲಾರೂ ಬರ್ರಿ" ಅಂದರು ಮಾಮಾ. ನಾನು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬಂದೆ. ಮಾಮಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದರು. ಊಟ ಆದಮೇಲೆ ಮಾಮಾ ಫೋನ್ ಸ್ಪೀಕರಿಗೆ ಹಾಕಿ ನಡುವೆ ಇಟ್ಟರು.

ಆ ಮನುಷ್ಯನ ಮಾತು ಬೆಣ್ಣೆ. "ನಿಮ್ಮ ಹುಡುಗನ ರ‍್ಯಾಂಕಿಗೆ ಗೌರ್ನಮೆಂಟ್ ಬಾರ್ಡರಲ್ಲಿದೆ ಸರ್. ನಮ್ಮ ಕಡೆಯಿಂದ ಒಂದು ಪುಶ್ ಬೇಕು. ಕಮಿಟಿಯಲ್ಲಿ ನಮ್ಮವರಿದ್ದಾರೆ. ಈಗ ಎರಡು ಲಕ್ಷ ಟೋಕನ್, ಉಳಿದದ್ದು ಆರ್ಡರ್ ಕೈಗೆ ಬಂದಮೇಲೆ."

ಅಪ್ಪ ನೆಲ ನೋಡುತ್ತಿದ್ದರು. ಎರಡು ಲಕ್ಷ ಅಂದರೆ ಸೊಸೈಟಿ ಸಾಲದ ಅರ್ಧ. ಅವ್ವನ ಕೈ ಆಗಲೇ ಕೊರಳ ಹತ್ತಿರ ಹೋಗಿತ್ತು. ಅಷ್ಟು ಹೊತ್ತು ಸುಮ್ಮನಿದ್ದ ತಮ್ಮ ಫೋನಿನ ಹತ್ತಿರ ಬಾಗಿ ಕೇಳಿದ: "ಯಾವ ಕಮಿಟಿ ಸರ್?"

"ಅಡ್ಮಿಷನ್ ಕಮಿಟಿ."

"ಕೆಇಎದಾಗ ಸೀಟು ಹಂಚೂದು ಸಾಫ್ಟ್‌ವೇರ್ ಅಲ್ರಿ? ರ‍್ಯಾಂಕ್, ಕೆಟಗರಿ, ನಾವು ಕೊಟ್ಟ ಆಪ್ಷನ್, ಮೂರ ನೋಡತೈತಿ. ಕಮಿಟಿ ಯಾವಾಗ ಕೂಡತೈತ್ರಿ? ರೊಕ್ಕಕ್ಕ ರಸೀದಿ ಯಾರ ಹೆಸರಿಲೆ ಕೊಡತೀರಿ?"

ಆ ಕಡೆ ಒಂದು ಕ್ಷಣ ಮೌನ. "ತಮ್ಮಾ, ಇದೆಲ್ಲ ಫೋನಲ್ಲಿ ಮಾತಾಡೋದಲ್ಲ" ಅಂದವನೇ ಇಟ್ಟುಬಿಟ್ಟ. ಮತ್ತೆ ಮಾಡಲಿಲ್ಲ.

ಇಂಥವರ ಲೆಕ್ಕ ಬಹಳ ಸರಳ. ಗಡಿಯಲ್ಲಿರುವ ಇಪ್ಪತ್ತು ಹುಡುಗರ ಮನೆಯಿಂದ ಟೋಕನ್ ತೆಗೆದುಕೊಂಡು ಏನೂ ಮಾಡದೆ ಕೂತರೂ ಏಳೆಂಟು ಮಂದಿಗೆ ತಾನಾಗಿಯೇ ಸೀಟು ಬಂದಿರುತ್ತದೆ. ಅವರಿಗೆ 'ನಾನೇ ಮಾಡಿಸಿದೆ'. ಉಳಿದವರಿಗೆ 'ಈ ಸಲ ಮೇಲಿನವರು ಬದಲಾದರು'. ಸೀಟು ಬಂದವರು ಊರೆಲ್ಲ ಅವನ ನಂಬರು ಹಂಚುತ್ತಾರೆ, ದುಡ್ಡು ಕಳೆದುಕೊಂಡವರು ನಾಚಿಕೆಗೆ ಬಾಯಿ ಬಿಡುವುದಿಲ್ಲ.

ಮಾಮಾಗೆ ಮಾತ್ರ ಬೇಜಾರಾಯಿತು. "ದೊಡ್ಡವರು ಮಾತಾಡುವಾಗ ಸಣ್ಣ ಹುಡುಗ ನಡಕ ಬಾಯಿ ಹಾಕಿದ್ರ ಹೆಂಗ?" ಅಂತ ಎದ್ದು ಹೊರಗೆ ಹೋದರು. ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ನನಗೊಬ್ಬಳಿಗೇ ಹೇಳಿದರು. ಅವರ ಮಗಳಿಗೆ ಮಾಸ್ತರಿಕೆ ಕೋರ್ಸಿನ ಸೀಟು ಒಂದೆರಡು ಅಂಕದಲ್ಲಿ ತಪ್ಪಿತ್ತಂತೆ. ಅವತ್ತು ಯಾರನ್ನೂ ಹೋಗಿ ಕಾಣಲಿಲ್ಲ ಅನ್ನುವ ಕೊರಗು ಇವತ್ತಿಗೂ ಅವರನ್ನು ಕಾಡುತ್ತದೆ. "ನಾ ಅವತ್ತ ಮನಿಯಾಗ ಕುಂತೆ ತಂಗಿ" ಅಂದರು. ಭೆಟ್ಟಿ ಆಗುವುದು ಅಂದರೆ ಕೆಲಸ ಆಗಲಿ ಅಂತ ಮಾತ್ರ ಅಲ್ಲ, ಕೈಲಾದದ್ದು ಮಾಡಿದೆ ಅಂತ ನಮಗೆ ನಾವೇ ಹೇಳಿಕೊಳ್ಳಲೂ ಬೇಕು ಅನ್ನುವುದು ಅವರ ಆ ಮಾತಿನಿಂದ ಹೊಳೆಯಿತು.

ಹಾಗಾದರೆ ಕೈಲಾದದ್ದು ಏನು? ನಮ್ಮ ಪಾಲಿಗೆ ಅದು ದಾಖಲೆ ಮತ್ತು ಆಪ್ಷನ್ ಪಟ್ಟಿ.

ದಾಖಲೆಯದ್ದು ಬೇಗ ಹೇಳಿ ಮುಗಿಸುತ್ತೇನೆ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಬಿಇಒ ಸಹಿಯ ಪ್ರಮಾಣಪತ್ರ ಬೇಕು. ಜಾತಿ-ಆದಾಯದ ಪ್ರಮಾಣಪತ್ರದ ಆರ್‌ಡಿ ನಂಬರ್ ಆನ್‌ಲೈನಿನಲ್ಲಿ ತಾಳೆಯಾಗಬೇಕು. ಅಪ್ಪನ ಹೆಸರು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇತ್ತು. ತಮ್ಮ ಅದನ್ನು ಫಲಿತಾಂಶಕ್ಕೂ ಮೊದಲೇ ಸರಿ ಮಾಡಿಸಿ ಇಟ್ಟಿದ್ದ. ಇನ್ನೊಂದು, ಅರ್ಜಿಯಲ್ಲಿ ಕೊಡುವ ಮೊಬೈಲ್ ನಂಬರ್. ನಮ್ಮ ಕಡೆ ಎಷ್ಟೋ ಮಂದಿ ಅರ್ಜಿ ತುಂಬಿದ ಸೈಬರ್ ಸೆಂಟರಿನವರ ನಂಬರನ್ನೇ ಕೊಟ್ಟುಬಿಡುತ್ತಾರೆ. ಒಟಿಪಿ, ಎಸ್ಎಂಎಸ್ ಎಲ್ಲ ಅಲ್ಲಿಗೆ ಹೋಗುತ್ತದೆ. ಸೀಟು ಒಪ್ಪಿಕೊಳ್ಳಲು ಎರಡೇ ದಿನ ಇರುವಾಗ ಸೈಬರಿನವ ಮದುವೆಗೆ ಹೋಗಿದ್ದರೆ ಕಥೆ ಮುಗಿಯಿತು. ಪ್ರಾಧಿಕಾರದ ಜೊತೆ ಸಂಪರ್ಕ ಅನ್ನುವುದು ಇದ್ದರೆ ಅದು ಆ ನಂಬರ್ ಮಾತ್ರ.

ಒಂದು ಅಡ್ಡ ಮಾತು. 371(ಜೆ) ಮೀಸಲಾತಿ ನಮಗೆ ಬರುವುದಿಲ್ಲ. ಭೀಮೆಯ ಆಚೆ ಅಫಜಲಪುರದ ಹುಡುಗನಿಗೆ ಉಂಟು, ಈಚೆ ಇಂಡಿಯ ಹುಡುಗನಿಗೆ ಇಲ್ಲ. ಬಿಸಿಲು, ಬರ ಎರಡೂ ಕಡೆ ಒಂದೇ. ಅದು ಬೇರೆಯೇ ಕಥೆ.

ಇನ್ನು ಆಪ್ಷನ್ ಪಟ್ಟಿ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ನಾವೇ ಕ್ರಮವಾಗಿ ತುಂಬುವ ಪಟ್ಟಿ ಅದು. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತದೆ. ನಮ್ಮ ಸರದಿ ಬಂದಾಗ ನಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ನಮ್ಮ ಕೆಟಗರಿಯಲ್ಲಿ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಅಂದರೆ ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದೇನೂ ತಪ್ಪಿಹೋಗುವುದಿಲ್ಲ. "ಸಿಗೂವಂಥಾದ್ದ ಮೊದಲ ಹಾಕು, ಇಲ್ಲಂದ್ರ ಅದೂ ಹೋಗತೈತಿ" ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಬೇಕು. ನ್ಯೂಜೆರ್ಸಿಯ ಹುಡುಗಿ ಹದಿನೈದು ದಿನ ಯೋಚಿಸಿ ಬರೆದ ಪತ್ರಕ್ಕೆ ನಮ್ಮಲ್ಲಿ ಸಮನಾದದ್ದು ಏನಾದರೂ ಇದ್ದರೆ ಅದು ಈ ಪಟ್ಟಿಯೇ. ಮೇಲಿದ್ದದ್ದು ಸಿಕ್ಕರೆ ಕೆಳಗಿನದನ್ನು ಬಿಟ್ಟು ಬರುತ್ತೇನೆ ಎಂಬ ಮಾತು ಅದರಲ್ಲೂ ಇದೆ. ಒಂದೇ ವ್ಯತ್ಯಾಸ ಅಂದರೆ, ಅವಳ ಪತ್ರವನ್ನು ಓದುವವರು ಮನುಷ್ಯರು.

ನಮ್ಮ ಮನೆಯ ನಿಜವಾದ ಜಗಳ ಆದದ್ದು ಇಲ್ಲೇ. ಅವ್ವನಿಗೆ ವಿಜಯಪುರವೇ ಬೇಕು. ಊರಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಎರಡೂ ಖಾಸಗಿ. 1984ರ ಅಲ್-ಅಮೀನ್, 1986ರ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜು. ಎರಡನೆಯದು 2008ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಹಾಗಾಗಿ ಅದರ ಸೀಟು ಕೆಇಎಯಲ್ಲಿ ಸಿಗುವುದಿಲ್ಲ. ದೆಹಲಿಯ ಎಂಸಿಸಿ ಕೌನ್ಸೆಲಿಂಗಿಗೆ ಬೇರೆ ನೋಂದಣಿ, ಬೇರೆ ಠೇವಣಿ, ಶುಲ್ಕದ ಲೆಕ್ಕವೂ ಬೇರೆ. "ನಮ್ಮೂರ ಕಾಲೇಜಿಗೆ ದಿಲ್ಲಿಗೆ ಅರ್ಜಿ ಹಾಕೂದೇನು?" ಅಂತ ಅವ್ವ ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ವಿಜಯಪುರದಲ್ಲಿ ಇಲ್ಲ. ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರ್ಕಾರಿ ಕಾಲೇಜೇ ಬೇಕು ಎಂದು 2025ರಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತದ್ದನ್ನು ನೀವು ಓದಿರುತ್ತೀರಿ. ಆ ಧರಣಿಯ ಫೋಟೋ ನೋಡುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಪಡಸಾಲೆಯ ಆ ರಾತ್ರಿಗಳು.

ತಮ್ಮ ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದಿದ್ದ. ಒಂದರಲ್ಲಿ ದೂರ, ಒಂದರಲ್ಲಿ ಶುಲ್ಕ. ಸರ್ಕಾರಿ ಕಾಲೇಜಿಗೆ ವರ್ಷಕ್ಕೆ ₹60 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ₹1.5 ಲಕ್ಷದ ಸುತ್ತ. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ₹12 ಲಕ್ಷದ ಸುತ್ತ, ಅದನ್ನು ಅವನು ಬರೆದು ಮೇಲೆ ಗೆರೆ ಎಳೆದುಬಿಟ್ಟಿದ್ದ. ಹುಬ್ಬಳ್ಳಿ, ಬೆಳಗಾವಿ, ಗದಗ, ಹಾವೇರಿ, ಕಾರವಾರ. ಇವೆಲ್ಲ ಮೇಲೆ. ಬಾಗಲಕೋಟೆ, ವಿಜಯಪುರದ ಖಾಸಗಿ ಕಾಲೇಜುಗಳು ಕೆಳಗೆ.

"ಕಾರವಾರ ಬ್ಯಾಡ" ಅಂದಳು ಅವ್ವ. "ಸಮುದ್ರದ ದಂಡಿ. ರೊಟ್ಟಿ ಸಿಗಂಗಿಲ್ಲ, ಮಂದಿ ಗೊತ್ತಿಲ್ಲ. ಬಾಗಲಕೋಟಿ ಅದರ ಮ್ಯಾಲ ಹಾಕು."

"ವರ್ಷಕ್ಕ ತೊಂಬತ್ತ ಸಾವಿರ ಫರಕ ಐತವ್ವ. ಕೋರ್ಸ್ ಮುಗಿಯೂದ್ರಾಗ ನಾಲ್ಕ ಲಕ್ಷ."

"ಕೊಡತೇವಿ."

"ಎಲ್ಲಿಂದ?"

ಆ 'ಎಲ್ಲಿಂದ'ಕ್ಕೆ ಯಾರೂ ಮಾತಾಡಲಿಲ್ಲ. ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದರು. ನಾನು ಸಂಬಳದಲ್ಲಿ ಕೊಡುತ್ತೇನೆ ಅಂದೆ. ತಮ್ಮ ನನ್ನ ಕಡೆ ನೋಡಿದ ರೀತಿಯಲ್ಲೇ ಅದು ಬೇಡ ಎಂದಿತ್ತು. ಅಕ್ಕನ ಮದುವೆಯ ಹಣದಲ್ಲಿ ಓದಿದೆ ಅಂತ ನಾಳೆ ಯಾರೂ ಹೇಳಬಾರದು ಅವನಿಗೆ. ಕಾರವಾರ ಮೇಲೇ ಉಳಿಯಿತು.

ಅಣಕು ಹಂಚಿಕೆಯಲ್ಲಿ ಬಾಗಲಕೋಟೆ ಬಂತು. ಮೊದಲ ಸುತ್ತಿನಲ್ಲೂ ಬಾಗಲಕೋಟೆ, ಸರ್ಕಾರಿ ಕೋಟಾ. ಅವ್ವ ಆಗಲೇ ಊರೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಈಗ ನಾಲ್ಕು ದಾರಿ. ಚಾಯ್ಸ್-1 ಅಂದರೆ ಸಾಕು, ಸೇರುತ್ತೇನೆ. ಚಾಯ್ಸ್-2 ಅಂದರೆ ಇದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಚಾಯ್ಸ್-3, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್-4, ನಾನು ಹೊರಗೆ. ಚಾಯ್ಸ್-2ರಲ್ಲಿ ಮೇಲಿನದು ಸಿಕ್ಕ ಕೂಡಲೇ ಕೈಯಲ್ಲಿದ್ದದ್ದು ತಾನಾಗಿ ರದ್ದು. ಅಯ್ಯೋ ಹಳೆಯದೇ ಇರಲಿ ಅನ್ನುವಂತಿಲ್ಲ. ಶುಲ್ಕ ಯಾವಾಗ ಕಟ್ಟಬೇಕು ಎಂಬ ನಿಯಮ ಆಯಾ ವರ್ಷದ ಅಧಿಸೂಚನೆಯಲ್ಲಿ ಇರುತ್ತದೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಅಲ್ಲ.

ತಮ್ಮ ಚಾಯ್ಸ್-2 ಅಂದ. ಅವ್ವ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಕೊನೆಗೆ ತೀರ್ಮಾನಿಸಿದ್ದು ಅಪ್ಪ, ತಮ್ಮದೇ ಭಾಷೆಯಲ್ಲಿ: "ಒಂದ ರೇಟು ಕೈಯಾಗ ಐತಿ. ಇನ್ನೊಂದ ಸವಾಲು ನೋಡೂದ್ರಾಗ ಏನೂ ಹೋಗಂಗಿಲ್ಲ. ಆದ್ರ ಮೇಲಿನ ರೇಟ್ ಬಂತಂದ್ರ ಕೊಟ್ಟಬಿಡಬೇಕು, ಅವಾಗ ಅಳಬ್ಯಾಡ್ರಿ."

ಎರಡನೇ ಸುತ್ತಿನಲ್ಲಿ ಕಾರವಾರ ಬಂತು. ತಮ್ಮನ ಫೋನಿಗೆ ಮೆಸೇಜ್ ಬಂದಾಗ ನಾನು ಆಫೀಸಿನಲ್ಲಿದ್ದೆ. "ಅಕ್ಕಾ, ಗೌರ್ನಮೆಂಟ್" ಅಂತ ಒಂದೇ ಪದ ಹೇಳಿ ಸುಮ್ಮನಾದ. ಹಿಂದಿನಿಂದ ಅವ್ವ ಅಳುವುದು ಕೇಳಿಸುತ್ತಿತ್ತು. ಖುಷಿಯದ್ದೋ, ದೂರದ್ದೋ, ಎರಡೂ ಕಲೆತದ್ದೋ.

ನ್ಯೂಜೆರ್ಸಿಯವಳಿಗೂ ಅಷ್ಟರಲ್ಲಿ ಸೀಟು ಆಗಿತ್ತು, ಪತ್ರ ಬರೆದ ಕಾಲೇಜಿನಲ್ಲಿ ಅಲ್ಲ, ಇನ್ನೊಂದರಲ್ಲಿ. ಪತ್ರ ಬರೆದವರಿಂದ ಕೊನೆವರೆಗೂ ಉತ್ತರ ಬರಲಿಲ್ಲವಂತೆ.

ಕಾರವಾರಕ್ಕೆ ಹೊರಡುವ ದಿನ ಬೆಳಗಿನ ನಾಲ್ಕಕ್ಕೆ ಬಾಗಿಲಲ್ಲಿ ಗಾಡಿ ಹಾರ್ನ್. ಬಬಲೇಶ್ವರದ ಮಾಮಾ. ಯಾರೂ ಕರೆದಿರಲಿಲ್ಲ. "ಬಸ್ಸಿನ್ಯಾಗ ಹಾಸಿಗಿ, ಟ್ರಂಕು ತಗೊಂಡ ಹೆಂಗ ಹೋಗತೀರಿ?" ಅಂತ ತಾವೇ ಡಿಕ್ಕಿ ತೆಗೆದರು. ಹುಬ್ಬಳ್ಳಿ ದಾಟಿ ಘಟ್ಟ ಇಳಿಯುವಾಗ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಅಂಕೋಲಾ ದಾಟಿ ಮೊದಲ ಸಲ ಸಮುದ್ರ ಕಂಡಾಗ ಮಾಮಾ ಗಾಡಿ ನಿಲ್ಲಿಸಿದರು. ಐವರೂ ಇಳಿದು ಸುಮ್ಮನೆ ನಿಂತೆವು. ಆಲಮಟ್ಟಿ ಹಿನ್ನೀರೇ ದೊಡ್ಡದು ಅಂದುಕೊಂಡವರು ನಾವು.

ಹಾಸ್ಟೆಲಿಗೆ ಅವ್ವ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಐದು ಕಿಲೋ ಮನೂಕ ಇಟ್ಟು ಬಂದಳು. ರಾತ್ರಿ ಊರಿಗೆ ಮರಳುವಾಗ ಧಾರವಾಡದ ಹತ್ತಿರ ಅವನಿಗೆ ಫೋನ್ ಹಚ್ಚಿ ಕೇಳಿದಳು: "ಅಲ್ಲಿ ನಮ್ಮ ಕಡೆಯವರ ಯಾರರೆ ಅದಾರೇನು, ಭೆಟ್ಟಿ ಆದೇನು?"

"ಬಾಜೂ ರೂಮಿನ್ಯಾಗ ಮುಧೋಳದಾವ ಒಬ್ಬ ಅದಾನವ್ವ" ಅಂದ ತಮ್ಮ. "ನಿನ್ನ ರೊಟ್ಟಿ ಡಬ್ಬಿ ಆಗಲೇ ಅರ್ಧ ಖಾಲಿ ಮಾಡ್ಯಾನ."